ಕಣ್ಣಿನ ಸಂಶಯವೂ ಮನಸ್ಸಿನ ಚಿಂತೆಯೂ

ಮನುಷ್ಯನನ್ನು ಬಾಧಿಸುವ ಚಿಂತೆಗಳಲ್ಲಿ ಬಹುಮಟ್ಟಿನವು ಹಳೆಯವು. ಮಳೆಯಾಗುವದೋ ಇಲ್ಲವೋ, ಸಾಲ ತೀರುವದೋ ಇಲ್ಲವೋ, ಮಗಳಿಗೆ ತಕ್ಕ ಮನೆ ದೊರೆಯುವದೋ ಇಲ್ಲವೋ ಎಂಬ ಚಿಂತೆಗಳು ನಮ್ಮ ಅಜ್ಜಂದಿರಿಗೂ ಇದ್ದವು. ಆದರೆ ನೋವು ಇಲ್ಲದೆ, ನೋಟದಲ್ಲಿ ಕುಂದು ತೋರದೆ ಇರುವಾಗ, ವೈದ್ಯರು ಕಣ್ಣೊಳಗೆ ಇಣಿಕಿ ನೋಡಿ ಆಡಿದ ಒಂದು ಮಾತಿನಿಂದ ಹುಟ್ಟುವ ಚಿಂತೆಯು ಅವರಿಗೆ ಇರಲಿಲ್ಲ. ಇರುವದು ಸಾಧ್ಯವೂ ಇರಲಿಲ್ಲ. ಯಾಕಂದರೆ ಜೀವಂತ ಮನುಷ್ಯನ ಕಣ್ಣಿನ ಹಿಂಗೋಡೆಯನ್ನು ಕಾಣುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತನು ೧೮೫೧ ರಲ್ಲಿ ಪ್ರಕಟಪಡಿಸಿದನು. ಅದಕ್ಕೆ ಮುಂಚೆ ಸಾಧಾರಣ ವೈದ್ಯರು ಆ ಸ್ಥಳವನ್ನು ಕಂಡವರಲ್ಲ. ಕಾಣದ್ದರ ವಿಷಯದಲ್ಲಿ ಸಂಶಯಪಟ್ಟವರೂ ಅಲ್ಲ.

ಈಗಿನ ಸ್ಥಿತಿ ಬೇರೆ. ನಾಲ್ವತ್ತು ದಾಟಿದವನು ದಿನಪತ್ರಿಕೆಯನ್ನು ಕೈಚಾಚಿ ದೂರ ಹಿಡಿಯಲಾರಂಭಿಸಿದಾಗ ಚಾಳೀಸಿಗೋಸ್ಕರ ಕಣ್ಣು ತೋರಿಸಲು ಹೋಗುತ್ತಾನೆ. (ಚಾಳೀಸು ಎಂಬ ಮಾತಿಗೇ ಹಿಂದೂಸ್ಥಾನಿಯಲ್ಲಿ ನಾಲ್ವತ್ತು ಎಂಬ ಅರ್ಥವುಂಟು, ಆ ವಯಸ್ಸಿನಲ್ಲಿ ಕಣ್ಣು ತೋರಿಸಬೇಕೆಂಬದನ್ನು ನಮ್ಮ ಹಿರಿಯರು ಹೆಸರಿನಲ್ಲಿಯೇ ಬರೆದಿಟ್ಟಂತಿದೆ.) ಅಲ್ಲಿ ಡಾಕ್ಟರರು ಅಕ್ಷರಗಳ ಹಲಗೆಯನ್ನು ಓದಿಸಿದ ಮೇಲೆ ಕಣ್ಣಿನ ಒತ್ತಡವನ್ನು ಅಳೆದು, ಒಳಗಿನ ನರವನ್ನು ನೋಡಿ, “ಚಾಳೀಸು ಬರೆದುಕೊಡುತ್ತೇನೆ, ಆದರೆ ಗ್ಲಾಕೋಮಾದ ಸಂಶಯವಿದೆ, ಆರು ತಿಂಗಳಲ್ಲಿ ಇನ್ನೊಮ್ಮೆ ಬರಬೇಕು” ಅನ್ನುತ್ತಾರೆ. ಹೋದವನು ಕನ್ನಡಕದೊಂದಿಗೆ ಒಂದು ಭಾರವನ್ನೂ ಹೊತ್ತುಕೊಂಡು ಮನೆಗೆ ಬರುತ್ತಾನೆ. ಅವನು ರೋಗಿಯೇ? ಅಲ್ಲ. ಆರೋಗ್ಯವಂತನೇ? ಹಾಗೆಂದು ಹೇಳಲು ಡಾಕ್ಟರರು ಒಪ್ಪಲಿಲ್ಲ. ಈ ನಡುವಣ ಸ್ಥಳದಲ್ಲಿ ನಿಂತವನು ಹೇಗೆ ಬಾಳತಕ್ಕದ್ದೆಂಬದನ್ನೇ ಈ ತಿಂಗಳು ವಾಚಕರೊಂದಿಗೆ ವಿಚಾರಿಸಬೇಕೆಂದಿದ್ದೇವೆ.

ಮೊದಲು ಸಂಗತಿಯು ತಿಳಿದಿರಬೇಕು. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಯಾವಾಗಲೂ ಹುಟ್ಟುತ್ತಾ, ಕರಿಗುಡ್ಡೆಯ ಅಂಚಿನ ಸಣ್ಣ ಜಾಲರಿಯಿಂದ ಹೊರಕ್ಕೆ ಹರಿಯುತ್ತಾ ಇರುತ್ತದೆ. ಹರಿಯುವ ದಾರಿ ಬಿಗಿಯಾದರೆ ಒಳಗಿನ ಒತ್ತಡವು ಏರುವದು. ಕಣ್ಣಿನಿಂದ ಮೆದುಳಿಗೆ ನೋಟವನ್ನು ಒಯ್ಯುವ ನರದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಎಳೆಗಳಿವೆ. ಒತ್ತಡ ತಾಳದೆ ಈ ಎಳೆಗಳು ಒಂದೊಂದಾಗಿ ಸಾಯುವದೇ ಗ್ಲಾಕೋಮಾ. ಕೆಲವರಿಗೆ ಒತ್ತಡವು ಏರದೆಯೂ ನರವು ಸವೆಯುವದುಂಟು. ನೋಟವು ಬಹುಶಃ ನಡುವಿನಿಂದಲ್ಲ, ಸುತ್ತಣಿಂದ ಹೋಗುವದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುವದು. ಉಳಿದದ್ದನ್ನು ಮೆದುಳು ತಾನೇ ಊಹಿಸಿ ತುಂಬುವದು. ಆದಕಾರಣ ಮನುಷ್ಯನು ವರುಷಗಟ್ಟಲೆ ಏನನ್ನೂ ಅರಿಯದೆ ಇರುತ್ತಾನೆ. ಹೋದ ನೋಟವು ಮಾತ್ರ ಯಾವ ಔಷಧದಿಂದಲೂ ಯಾವ ಶಸ್ತ್ರಚಿಕಿತ್ಸೆಯಿಂದಲೂ ತಿರಿಗಿ ಬರುವದಿಲ್ಲ.

ನಮ್ಮ ಸೀಮೆಯವರಿಗೆ ಈ ಕೊನೆಯ ಮಾತನ್ನು ನಂಬುವದು ಕಷ್ಟ. ಬೀಳಗಿಯಲ್ಲಿ ಹುಟ್ಟಿ ೨೦೦೫ ರಲ್ಲಿ ತೀರಿಕೊಂಡ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಬಂದು ಶಿಬಿರ ಹೂಡಿ ಸಾವಿರಾರು ಮಂದಿಯ ಪೊರೆ ತೆಗೆದದ್ದನ್ನು ಕಂಡ ಮನೆಗಳು ಇನ್ನೂ ಇವೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಅಜ್ಜಿಯು ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖವನ್ನು ಕಂಡಳೆಂಬ ಕಥೆಯು ಎಷ್ಟೋ ಊರುಗಳಲ್ಲಿ ಕೇಳಿಬರುವದು. ಇದರಿಂದ ಕಣ್ಣು ಮಂಜಾದರೆ ಮಂಜಾಗಲಿ, ಮುಂದೆ ತೆಗೆಯಿಸಿಕೊಂಡರಾಯಿತು ಎಂಬ ನೆಚ್ಚಿಕೆಯು ಜನರಲ್ಲಿ ಬೇರೂರಿತು. ಪೊರೆಯ ವಿಷಯದಲ್ಲಿ ಅದು ಸರಿ. ಗ್ಲಾಕೋಮಾದ ವಿಷಯದಲ್ಲಿ ಅದೇ ನೆಚ್ಚಿಕೆಯು ಮೋಸಗೊಳಿಸುವದು. ಆಂಧ್ರದಲ್ಲಿಯೂ ತಮಿಳುನಾಡಿನ ಹಳ್ಳಿಗಳಲ್ಲಿಯೂ ಪರಿಶೋಧಕರು ಜನರನ್ನು ಪರೀಕ್ಷಿಸಿ ನೋಡಿದಾಗ, ಈ ವ್ಯಾಧಿ ಇದ್ದವರಲ್ಲಿ ೧೦೦ ಕ್ಕೆ ೯೦ ಕ್ಕಿಂತ ಹೆಚ್ಚು ಮಂದಿಗೆ ತಮಗೆ ಅದು ಉಂಟೆಂಬದೇ ಗೊತ್ತಿರಲಿಲ್ಲ. ಹೀಗಿರುವಲ್ಲಿ “ಸಂಶಯವಿದೆ” ಎಂಬ ಮಾತನ್ನು ಕೇಳಿಸಿಕೊಂಡವನು ದುರದೃಷ್ಟನೆಂದು ನಾವು ಹೇಳಲಾರೆವು.

ಇನ್ನು ಆ ಸಂಶಯದ ತೂಕವೆಷ್ಟು? ಕಣ್ಣಿನ ಒತ್ತಡವು ಪಾದರಸದ ಅಳತೆಯಲ್ಲಿ ಸಾಧಾರಣವಾಗಿ ೧೦ ರಿಂದ ೨೧ ಮಿಲಿಮೀಟರಿನೊಳಗೆ ಇರುವದು. ಆದರೆ ಈ ೨೧ ಎಂಬದು ಊರಿನ ಗಡಿಕಲ್ಲಿನಂಥದಲ್ಲ. ಒತ್ತಡವು ಒಂದೇ ದಿನದಲ್ಲಿ ಏರಿ ಇಳಿಯುವದು. ಅಂಗಿಯ ಕೊರಳು ಬಿಗಿಯಾಗಿದ್ದರೂ, ಹೆದರಿ ಉಸಿರು ಬಿಗಿಹಿಡಿದರೂ ಅಂಕೆಯು ಹೆಚ್ಚಾಗಿ ತೋರುವದುಂಟು. ಕಣ್ಣಿನ ಮುಂದಣ ತಿಳಿಪರೆ ದಪ್ಪವಾಗಿದ್ದವರಿಗೆ ಇರುವದಕ್ಕಿಂತ ಹೆಚ್ಚೆಂದೂ, ತೆಳ್ಳಗಿದ್ದವರಿಗೆ ಇರುವದಕ್ಕಿಂತ ಕಡಿಮೆಯೆಂದೂ ಕಾಣುವದು. ನರದ ತಲೆಯ ನಡುವೆ ಒಂದು ಕುಳಿಯಿದೆ. ಅದು ದೊಡ್ಡದಾಗಿದ್ದರೆ ಡಾಕ್ಟರರು ಸಂಶಯಪಡುತ್ತಾರೆ, ಆದರೆ ಕೆಲವರು ದೊಡ್ಡ ಕುಳಿಯೊಂದಿಗೇ ಹುಟ್ಟಿ ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ. ಆದದರಿಂದಲೇ ತಿರಿಗಿ ಬರಹೇಳುವದು. ಮಿನುಗುವ ಬೆಳಕಿನ ಚುಕ್ಕೆಗಳನ್ನು ಕಂಡಾಗಲೆಲ್ಲಾ ಗುಂಡಿ ಒತ್ತಿಸುವ ಪರೀಕ್ಷೆ, ನರದ ಎಳೆಗಳ ದಪ್ಪವನ್ನು ಚಿತ್ರ ತೆಗೆಯುವ ಪರೀಕ್ಷೆ, ಇವುಗಳನ್ನು ಒಂದು ಸಾರಿ ಮಾಡಿದರೆ ಸಾಲದು. ಈ ವರುಷದ ಚಿತ್ರವನ್ನು ಬರುವ ವರುಷದ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗಲೇ ಅವು ಮಾತಾಡುವವು.

ಅಮೆರಿಕದಲ್ಲಿ, ಒತ್ತಡ ಹೆಚ್ಚಿದ್ದು ನರಕ್ಕೆ ಹಾನಿಯೇನೂ ಕಾಣದೆ ಇದ್ದ ೧,೬೩೬ ಮಂದಿಯನ್ನು ಎರಡು ಪಾಲಾಗಿ ಮಾಡಿ, ಒಂದು ಪಾಲಿಗೆ ಕಣ್ಣಿಗೆ ಬಿಡುವ ಔಷಧವನ್ನು ಕೊಟ್ಟು, ಇನ್ನೊಂದು ಪಾಲನ್ನು ಸುಮ್ಮನೆ ನೋಡಿಕೊಂಡು ಬಂದರು. ೨೦೦೨ ರಲ್ಲಿ ಫಲವು ಪ್ರಕಟವಾಯಿತು. ಐದು ವರುಷಗಳಲ್ಲಿ ಔಷಧವಿಲ್ಲದವರಲ್ಲಿ ೧೦೦ ಕ್ಕೆ ಒಂಬತ್ತೂವರೆ ಮಂದಿಗೂ, ಔಷಧ ಬಿಟ್ಟವರಲ್ಲಿ ೧೦೦ ಕ್ಕೆ ನಾಲ್ಕೂವರೆಗಿಂತ ತುಸು ಕಡಿಮೆ ಮಂದಿಗೂ ಗ್ಲಾಕೋಮಾ ಕಾಣಿಸಿಕೊಂಡಿತು. ಆ ದೇಶದ ಲೆಕ್ಕವನ್ನು ನಮ್ಮವರಿಗೆ ಹಾಗೆಯೇ ಅಂಟಿಸಲಾಗದು. ಕುಳಿಯನ್ನು ನೋಡಿ ಸಂಶಯಪಟ್ಟವರ ಲೆಕ್ಕವು ಬೇರೆ. ಆದಾಗ್ಯೂ ಈ ಅಂಕೆಗಳನ್ನು ಓದುವ ರೀತಿಯಲ್ಲಿಯೇ ಮನುಷ್ಯನ ಸ್ವಭಾವವು ಬೈಲಾಗುವದು. ಉದಾಸೀನನು “ನೂರಕ್ಕೆ ತೊಂಬತ್ತು ಮಂದಿ ಔಷಧವಿಲ್ಲದೆಯೇ ಉಳಿದರಲ್ಲಾ” ಎಂದು ಚೀಟಿಯನ್ನು ಮಡಿಚಿ ತೊಲೆಗೆ ಸಿಕ್ಕಿಸುತ್ತಾನೆ. ಭಯಸ್ಥನು ಆ ಒಂಬತ್ತೂವರೆ ಮಂದಿಯಲ್ಲಿ ತಾನೇ ಮೊದಲನೆಯವನೆಂದು ತಿಳಿದು ಊಟ ಬಿಡುತ್ತಾನೆ. ಇಬ್ಬರೂ ಒಂದೇ ಕಾಗದವನ್ನು ಓದಿದರು. ಕಾಗದದಲ್ಲಿ ಇದ್ದದ್ದನ್ನು ಇಬ್ಬರೂ ಓದಲಿಲ್ಲ.

ಉದಾಸೀನನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅವನಿಗೆ ಬುದ್ಧಿ ಹೇಳುವವರು ಬಹುಮಂದಿ. ಭಯಸ್ಥನಿಗೆ ಸರಿಯಾದ ಮಾತು ಹೇಳುವವರು ಕಡಿಮೆ. ಯಾಕಂದರೆ ಚಿಂತೆಯೆಂಬದು ಎಚ್ಚರಿಕೆಯ ದೊಡ್ಡಕ್ಕನೆಂದೂ, ಬಹಳ ಚಿಂತಿಸುವವನು ಬಹಳ ಜಾಗರೂಕನೆಂದೂ ಲೋಕವು ಎಣಿಸುತ್ತದೆ. ಈ ಎಣಿಕೆಯು ನಿಜವೋ ಎಂದು ಪರೀಕ್ಷಿಸುವದಕ್ಕೆ ಒಬ್ಬ ಉಪಾಧ್ಯಾಯನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ೫೨; ತಾಲ್ಲೂಕಿನ ಊರಿನಲ್ಲಿ ಕಣ್ಣು ತೋರಿಸಿಕೊಂಡು ಬಂದಿದ್ದಾನೆ; ಆರು ತಿಂಗಳ ಗಡುವು ಸಿಕ್ಕಿದೆ. ಅವನು ಪ್ರತಿದಿನ ಮುಂಜಾನೆ ಎದ್ದಕೂಡಲೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾನೆ, ಆಮೇಲೆ ಇನ್ನೊಂದನ್ನು. ಈ ಉಪಾಯದಿಂದ ಮೊದಲಿನ ಹಾನಿಯು ಗೊತ್ತಾಗುವದಿಲ್ಲವೆಂದು ಅವನಿಗೆ ಯಾರೂ ಹೇಳಿಲ್ಲ. ಓದಿದರೆ ಕಣ್ಣು ಸವೆಯುವದೆಂದು ನೆನಸಿ ರಾತ್ರಿಯ ಓದನ್ನು ಬಿಡುತ್ತಾನೆ. ಓದುವದರಿಂದ ಗ್ಲಾಕೋಮಾ ಬೆಳೆಯುವದಿಲ್ಲ. ಸಂತೆಯಲ್ಲಿ ಮಾರುವ ಒಂದು ರಸವನ್ನು ಕೊಂಡು ಕಣ್ಣಿಗೆ ಹಿಂಡಿಕೊಳ್ಳುತ್ತಾನೆ. ಹೆಂಡತಿಯು “ಯಾಕ್ರಿ, ಊಟ ಸೇರಲಿಲ್ಲೇನು?” ಎಂದು ಕೇಳಿದರೆ ಸಿಡುಕುತ್ತಾನೆ. ಹೀಗೆ ಐದು ತಿಂಗಳು ಕಳೆಯುವವು. ಆರನೆಯ ತಿಂಗಳಿನಲ್ಲಿ ಹೋಗಬೇಕಾದ ದಿನ ಬಂದಾಗ ಶಾಲೆಯಲ್ಲಿ ಪರೀಕ್ಷೆ ಇದೆ ಅನ್ನುತ್ತಾನೆ. ಅದು ಮುಗಿದ ಮೇಲೆ ಒಕ್ಕಣೆ ಇದೆ ಅನ್ನುತ್ತಾನೆ. ಯಾಕೆ? ಹೋದರೆ ಡಾಕ್ಟರರು “ಹೌದು” ಎಂದುಬಿಡಬಹುದು. ಸಂಶಯವಿರುವ ವರೆಗೆ ಆಶೆಯೂ ಇರುವದಷ್ಟೆ.

ನೋಡಿರಿ, ವಾಚಕರೇ, ಈತನು ನೂರೆಂಭತ್ತು ದಿವಸ ಚಿಂತಿಸಿದನು. ಕಣ್ಣಿಗೆ ಉಪಯೋಗವಾಗಬಹುದಾಗಿದ್ದ ಒಂದು ದಿವಸವನ್ನು ಆ ಚಿಂತೆಯೇ ನುಂಗಿತು. ಚಿಂತೆಯು ಎಚ್ಚರಿಕೆಯ ಅಕ್ಕನಲ್ಲ. ಎಚ್ಚರಿಕೆಯ ಸೀರೆಯುಟ್ಟು ಮನೆಯೊಳಗೆ ಬಂದ ಬೇರೊಬ್ಬಳು. ಅವಳ ಮೋಸವು ಇಂಥದು: ಚಿಂತಿಸುವವನಿಗೆ ತಾನು ಏನೋ ಕೊಡುತ್ತಿದ್ದೇನೆ, ನಿದ್ರೆಯನ್ನೂ ಊಟವನ್ನೂ ತೆತ್ತು ಕಣ್ಣನ್ನು ಬಿಡಿಸಿಕೊಳ್ಳುತ್ತಿದ್ದೇನೆ ಎಂಬ ಭ್ರಮೆ ಹುಟ್ಟುವದು. ಸಾಹುಕಾರನ ಸಾಲಕ್ಕೆ ಬೀದಿಯಲ್ಲಿ ಹಣವನ್ನು ಚೆಲ್ಲಿ ಬಂದವನ ಲೆಕ್ಕವೇ ಇದು. ಹಣವೇನೋ ಕೈಬಿಟ್ಟಿತು, ಸಾಲವು ಇದ್ದಂತೆಯೇ ಇದೆ.

ಇಲ್ಲಿ ನಮ್ಮ ಸಭೆಗಳಲ್ಲಿ ಕೆಲವರು ಒಂದು ಮಾತನ್ನು ಮುಂದಿಡುವರು. ನಾಳೆಯ ಚಿಂತೆಯನ್ನು ಮಾಡಬಾರದೆಂದು ಪರ್ವತಪ್ರಸಂಗದಲ್ಲಿ ಬೋಧನೆ ಇರುವಾಗ, ಆರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಪರೀಕ್ಷೆಗೆ ಹೋಗುವದೇ ಅಪನಂಬಿಕೆಯಲ್ಲವೇ ಎಂದು ಕೇಳುವರು. ನಾವು ಅವರನ್ನು ಹೊಲಕ್ಕೇ ಕರೆದುಕೊಂಡು ಹೋಗಿ ಉತ್ತರ ಹೇಳುವೆವು. ಸುಗ್ಗಿಯಾದ ಮೇಲೆ ರೈತನು ಬಿತ್ತನೆಯ ಜೋಳವನ್ನು ಬೇರೆ ತೆಗೆದು, ಬೂದಿ ಬೆರಸಿ, ಮಡಕೆಯಲ್ಲಿ ತುಂಬಿ, ಬಾಯಿ ಮೆತ್ತಿ ಇಡುತ್ತಾನೆ. ಇದನ್ನು ಅಪನಂಬಿಕೆ ಎಂದು ಯಾರಾದರೂ ಕರೆದದ್ದುಂಟೇ? ಮೆತ್ತಿದ ಮೇಲೆ ಅವನು ನಿದ್ರೆ ಮಾಡುತ್ತಾನೆ. ಹುಳ ಬಿತ್ತೋ ಏನೋ ಎಂದು ದಿನಾಲು ಬಾಯಿ ಬಿಚ್ಚಿ ಕೈಯಾಡಿಸಿದರೆ ತಣಸು ಸೇರಿ ಹುಳ ಬೀಳುವದೇ ನಿಶ್ಚಯ. ತೆಗೆದಿಡುವದು ಒಂದು, ಬಿಚ್ಚಿ ಬಿಚ್ಚಿ ನೋಡುವದು ಇನ್ನೊಂದು. ಆ ಬೋಧನೆಯು ಎರಡನೆಯದನ್ನು ಬೇಡವೆನ್ನುವದೇ ಹೊರತು ಮೊದಲನೆಯದನ್ನಲ್ಲವೆಂದು ನಮಗೆ ತೋರುತ್ತದೆ.

ಆದರೆ ಚಿಂತಿಸುವವನನ್ನು ಗದರಿಸುವದರಲ್ಲಿ ನಮಗೆ ಇಷ್ಟವಿಲ್ಲ. ನಡುರಾತ್ರಿ ಎಚ್ಚರವಾದಾಗ ಎದೆ ಹೊಡೆದುಕೊಳ್ಳುವದು ಯಾರ ಕೈಯಲ್ಲಿಯೂ ಇಲ್ಲ. ಹೊಲಿಗೆಯ ಯಂತ್ರದಿಂದಲೋ ಲಾರಿಯ ಚಕ್ರದಿಂದಲೋ ಮಕ್ಕಳ ಹೊಟ್ಟೆ ತುಂಬಿಸುವವನಿಗೆ ಕಣ್ಣೆಂದರೆ ಬರೇ ಕಣ್ಣಲ್ಲ. ಅವನ ಭಯವನ್ನು ಹುಚ್ಚೆನ್ನುವವನಿಗೆ ಹಸಿವು ತಿಳಿಯದು. ಇಂಥವನಿಗೆ ಹೇಳತಕ್ಕ ನಿಜವಾದ ಸಮಾಧಾನವು ಒಂದುಂಟು: ಒಂದು ವೇಳೆ ಸಂಶಯವು ನಿಜವೇ ಆದರೂ, ಸಮಯಕ್ಕೆ ಕಂಡುಹಿಡಿದು ಚಿಕಿತ್ಸೆಯನ್ನು ತಪ್ಪದೆ ನಡಿಸಿದವರಲ್ಲಿ ಬಹುಮಂದಿ ಬದುಕಿರುವಷ್ಟು ಕಾಲ ಕೆಲಸಕ್ಕೆ ಬೇಕಾದ ನೋಟವನ್ನು ಉಳಿಸಿಕೊಳ್ಳುತ್ತಾರೆ. ಔಷಧದ ಖರ್ಚಿನ ಭಯವೂ ಸಣ್ಣದಲ್ಲ, ಅದು ತಿಂಗಳು ತಿಂಗಳೂ ಬರುವಂಥದು. ಮೊದಲೇ ಲೇಸರ್ ಚಿಕಿತ್ಸೆ ಮಾಡಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಮೂರು ವರುಷಗಳ ವರೆಗೆ ತೊಟ್ಟು ಔಷಧವೇ ಬೇಕಾಗಲಿಲ್ಲವೆಂದು ಇಂಗ್ಲೆಂಡಿನ ಒಂದು ಪರಿಶೋಧನೆಯು ೨೦೧೯ ರಲ್ಲಿ ತೋರಿಸಿತು. ಎಲ್ಲಾ ಕಣ್ಣಿಗೂ ಅದು ಹೊಂದದು. ಆದರೆ ಕೇಳುವದರಲ್ಲಿ ನಾಚಿಕೆ ಏನು?

ಹಾಗಾದರೆ ಸಂಶಯದವನು ಮಾಡತಕ್ಕದ್ದೇನು? ಅದು ಸೋಜಿಗವಾಗುವಷ್ಟು ಸ್ವಲ್ಪ. ಹೇಳಿದ ತಾರೀಕಿಗೆ ಹೋಗಬೇಕು. ಹಳೆಯ ಚೀಟಿಗಳನ್ನೂ ಚಿತ್ರಗಳನ್ನೂ ಜೋಪಾನವಾಗಿ ಒಯ್ಯಬೇಕು. ಔಷಧ ಬರೆದುಕೊಟ್ಟಿದ್ದರೆ ಬಿಡದೆ ಹಾಕಬೇಕು. ಉಬ್ಬಸವಿದ್ದವನು ಅದನ್ನು ಡಾಕ್ಟರರಿಗೆ ಮೊದಲೇ ತಿಳಿಸಬೇಕು, ಯಾಕಂದರೆ ಟಿಮೊಲಾಲ್ ಎಂಬ ಔಷಧವು ಅಂಥವನ ಉಸಿರನ್ನು ಕಟ್ಟಿಸೀತು. ಕಣ್ಣು ಕೆಂಪಾದಾಗ ಅಂಗಡಿಯವನು ತಾನಾಗಿ ಕೊಟ್ಟ ಸ್ಟೀರಾಯ್ಡ್ ತೊಟ್ಟುಗಳನ್ನು ವಾರಗಟ್ಟಲೆ ಬಿಟ್ಟುಕೊಳ್ಳಬಾರದು. ಅವುಗಳಿಂದಲೇ ಒತ್ತಡವೇರಿ ನೋಟ ಕಳಕೊಂಡವರುಂಟು. ಕಾದು ನೋಡುವದು ಎಂಬ ನಿಯಮಕ್ಕೆ ಒಂದೇ ವಿನಾಯಿತಿ ಉಂಟು: ಕಣ್ಣು ವಿಪರೀತ ನೊಂದು ಕೆಂಪಾಗಿ, ತಲೆಶೂಲೆಯೂ ವಾಂತಿಯೂ ಬಂದು, ದೀಪದ ಸುತ್ತಲೂ ಬಣ್ಣದ ಬಳೆಗಳು ಕಂಡರೆ, ನೀರು ಹರಿಯುವ ದಾರಿಯು ಒಮ್ಮೆಲೇ ಮುಚ್ಚಿಕೊಂಡಿರಬಹುದು. ಪಿತ್ತವೆಂದು ತಿಳಿದು ಲಿಂಬೆಯ ಪಾನಕ ಕುಡಿದು ಮಲಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಷ್ಟಾದ ಮೇಲೆ ಉಳಿದ ದಿನಗಳಲ್ಲಿ ಸಂಶಯದ ಕಣ್ಣು ಇನ್ನೊಬ್ಬರ ಕಣ್ಣಿನಂತೆಯೇ ಓದಲಿ, ಕಸೂತಿ ಹಾಕಲಿ, ಮೊಮ್ಮಕ್ಕಳನ್ನು ನೋಡಲಿ.

ಒಂದು ಕರ್ತವ್ಯವನ್ನು ಬೇಕೆಂದೇ ಕಡೆಗೆ ಉಳಿಸಿಕೊಂಡಿದ್ದೇವೆ. ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ಈ ವ್ಯಾಧಿಯು ರಕ್ತಸಂಬಂಧದಲ್ಲಿ ಸಾಗಿಬರುವದು. ನೆದರ್ಲೆಂಡಿನ ರಾಟರ್‌ಡ್ಯಾಮ್ ಪಟ್ಟಣದಲ್ಲಿ ಶೋಧಿಸಿ ೧೯೯೮ ರಲ್ಲಿ ಪ್ರಕಟಪಡಿಸಿದ ಲೆಕ್ಕದ ಪ್ರಕಾರ, ಗ್ಲಾಕೋಮಾ ಇದ್ದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಜೀವಮಾನದಲ್ಲಿ ಅದು ಬರುವ ಸಂಭವವು ೧೦೦ ಕ್ಕೆ ೨೨. ಅಂಥ ಸಂಬಂಧವಿಲ್ಲದವರಿಗೆ ೧೦೦ ಕ್ಕೆ ಎರಡು ಮೂರು ಮಾತ್ರ. ಆದದರಿಂದ ಒಬ್ಬನ ಕಣ್ಣಿನ ಸುದ್ದಿಯು ಅವನೊಬ್ಬನದಲ್ಲ. ಆದರೆ “ನಾನು ಅನುಭವಿಸುವ ಚಿಂತೆ ಸಾಲದೇ? ಅಕ್ಕನಿಗೂ ತಮ್ಮನಿಗೂ ಯಾಕೆ ಹಂಚಲಿ?” ಎಂದು ಅನೇಕರು ಬಾಯಿ ಮುಚ್ಚಿಕೊಳ್ಳುತ್ತಾರೆ. ಇದು ಪ್ರೀತಿಯ ಮಾತಿನಂತೆ ಕೇಳಿಸುತ್ತದೆ. ಆದರೆ ಮುಚ್ಚಿಟ್ಟದ್ದರಿಂದ ಅಕ್ಕನಿಗೆ ಉಳಿಯುವದು ಚಿಂತೆ, ಹೋಗಬಹುದಾದದ್ದು ಕಣ್ಣು. ಈ ವ್ಯಾಪಾರವನ್ನು ಅಕ್ಕನನ್ನು ಕೇಳದೆ ಅವಳ ಪರವಾಗಿ ಮಾಡುವ ಅಧಿಕಾರವನ್ನು ತಮ್ಮನಿಗೆ ಯಾರು ಕೊಟ್ಟರು?

ಬರೇ ಸಂಶಯವಿರುವಾಗಲೇ ಹೇಳಬೇಕೋ, ನಿಶ್ಚಯವಾದ ಮೇಲೆ ಹೇಳಿದರೆ ಸಾಕೋ ಎಂದು ಕೇಳಿದರೆ, ಎರಡಕ್ಕೂ ಹೇಳುವ ರೀತಿ ಬೇರೆ ಬೇರೆ ಎಂದು ನಾವು ಉತ್ತರ ಕೊಡುವೆವು. ನಿಶ್ಚಯವಾದ ಮೇಲೆ ಸುಮ್ಮನಿರಕೂಡದು. ಸಂಶಯವಿರುವಾಗ ದೊಡ್ಡ ಸುದ್ದಿಯಾಗಿ ಸಾರಬೇಕಾದದ್ದಿಲ್ಲ, “ಅಕ್ಕಾ, ನನ್ನ ಕಣ್ಣಿನಲ್ಲಿ ಡಾಕ್ಟರರಿಗೆ ಸ್ವಲ್ಪ ಅನುಮಾನ ಬಂದಿದೆ, ಚಾಳೀಸಿಗೆ ಹೋದಾಗ ನಿನ್ನದೂ ಒತ್ತಡ ನೋಡಿಸಿಬಿಡು” ಎಂದರೆ ಸಾಕು. ಚಿಂತೆಯನ್ನು ಒಂದು ಕೆಲಸದೊಂದಿಗೆ ಕಟ್ಟಿ ಕೊಟ್ಟರೆ ಅದು ಹೊರಲಾರದ ಹೊರೆಯಾಗದು. ಕೆಲಸವಿಲ್ಲದೆ ಕೊಟ್ಟ ಸುದ್ದಿಯೇ ಮನುಷ್ಯನನ್ನು ತಿನ್ನುವದು.

ಮಗಳ ವಿಷಯ ಬಂದಾಗ ಬಾಯಿ ಇನ್ನೂ ಬಿಗಿಯುವದು. ಹೆಣ್ಣು ನೋಡಲು ಬರುವ ದಿನ ತಾಯಿಯ ಔಷಧದ ಸೀಸೆಯು ಗೂಡಿನಿಂದ ಮಾಯವಾಗಿ ಪೆಟ್ಟಿಗೆಯ ಅಡಿಯನ್ನು ಸೇರುವ ಮನೆಗಳಿಲ್ಲವೆಂದು ಯಾರು ಹೇಳಬಲ್ಲರು? ಕಣ್ಣು ಹೋಗುವ ವಂಶವೆಂದು ಬೀಗರು ಹಿಂದೆಗೆದಾರೆಂಬ ಅಂಜಿಕೆ. ತಾಯಿತಂದೆಗಳ ಸಂಕಟವನ್ನು ನಾವು ಅರಿಯದವರಲ್ಲ. ಇಂಥ ಗ್ಲಾಕೋಮಾ ನಾಲ್ವತ್ತಕ್ಕೆ ಮುಂಚೆ ಬರುವದು ವಿರಳ. ಬಂದರೂ ಚಿಕಿತ್ಸೆ ಉಂಟು. ಇದಕ್ಕೋಸ್ಕರ ಸಂಬಂಧವನ್ನು ಮುರಿಯುವ ಬೀಗರು ಮುಂದೆ ಸಕ್ಕರೆಕಾಯಿಲೆಗೂ ರಕ್ತದೊತ್ತಡಕ್ಕೂ ಸೊಸೆಯನ್ನೇ ದೂರುವವರಾದಾರು. ನೆರೆಯವರಿಗೂ ನೆಂಟರಿಗೂ ಎಷ್ಟು ಹೇಳಬೇಕೆಂಬದನ್ನು ಆಯಾ ಮನೆಯವರು ನಿಶ್ಚಯಿಸಿಕೊಳ್ಳಲಿ. ಬೀಗರು ಕೇಳಿದರೆ ಸುಳ್ಳು ಹೇಳಬಾರದು. ಆದರೆ ಆ ಮಗಳಿಗೆ ತಿಳಿಸದೆ ಇರುವ ಹಕ್ಕು ಯಾರಿಗೂ ಇಲ್ಲ. ಅವಳಿಗೆ ನಾಲ್ವತ್ತು ತುಂಬುವಾಗ ಅವಳು ಬೇರೊಂದು ಊರಿನಲ್ಲಿ, ಬೇರೊಂದು ಮನೆತನದ ಹೆಸರಿನಲ್ಲಿ ಇರುವಳು, ಡಾಕ್ಟರರು “ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣಿನ ಒತ್ತಡವಿತ್ತೇ?” ಎಂದು ಕೇಳುವರು; ಉತ್ತರವನ್ನು ಬಲ್ಲ ತಾಯಿಯು ಆಗ ಇರುವಳೋ ಇಲ್ಲವೋ.

ನಮ್ಮ ಹಳೆಯ ಕುಟುಂಬಗಳಲ್ಲಿ ಮನೆಯ ದೊಡ್ಡ ವೇದಪುಸ್ತಕದ ಮೊದಲ ಹಾಳೆಯಲ್ಲಿ ಜನನ, ವಿವಾಹ, ಮರಣಗಳ ತಾರೀಕುಗಳನ್ನು ಬರೆದಿಡುವ ವಾಡಿಕೆಯುಂಟು. ಅದೇ ಹಾಳೆಯ ಕೆಳಗಡೆ, ಅವ್ವನಿಗೆ ಇಂಥ ವರುಷದಲ್ಲಿ ಗ್ಲಾಕೋಮಾ ಕಂಡುಬಂದಿತು, ಮಕ್ಕಳೆಲ್ಲರೂ ನಾಲ್ವತ್ತಕ್ಕೆ ಮುಂಚೆಯೇ ಕಣ್ಣು ತೋರಿಸಿಕೊಳ್ಳಬೇಕು, ಎಂದು ಒಂದು ಸಾಲು ಬರೆಯುವಷ್ಟು ಸ್ಥಳವು ಬಹುಶಃ ಎಲ್ಲರ ಮನೆಯಲ್ಲಿಯೂ ಉಳಿದಿದೆ. ಮಗಳು ಗಂಡನ ಮನೆಗೆ ಹೊರಡುವಾಗ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ.